16ನೇ ರನ್‌ವೇ ಮೇಲೆ 180 ಡಿಗ್ರಿ

ಬದಿಯಡ್ಕದ ನಮ್ಮ ಮನೆಯ ಮಾಳಿಗೆಯಲ್ಲಿ ಕುಳಿತು ನಾನು ವಿಮಾನ ತರಬೇತಿಯ ಸಿಮ್ಯುಲೇಟರ್‌ಗಳಿಗೆ ತಂತ್ರಾಂಶ ಬರೆಯುತ್ತೇನೆ. ನನ್ನ ಪಾಲಿಗಿರುವುದು ಹೆಡಿಂಗ್, ಅಂದರೆ ಜೆಟ್‌ನ ಮೂಗು ಯಾವ ದಿಕ್ಕಿಗಿದೆ ಎಂಬ ಲೆಕ್ಕ. ಅದು ಪೈಲಟ್‌ನ ಪರದೆಗೂ ಹೋಗುತ್ತದೆ, ಆಟೋಪೈಲಟ್‌ಗೂ ಹೋಗುತ್ತದೆ. ಬರೆದದ್ದನ್ನು ಪರೀಕ್ಷಿಸಲು ಯಾವಾಗಲೂ ಮಂಗಳೂರಿನ ಬಜಪೆಯನ್ನೇ ಆರಿಸುತ್ತಿದ್ದೆ. 24ನೇ ರನ್‌ವೇಯಿಂದ ಏರಿ ಸಮುದ್ರದ ಮೇಲೆ ಎಡಕ್ಕೆ ತಿರುಗಿದರೆ ಕುಂಬಳೆ, ಆಮೇಲೆ ಚಂದ್ರಗಿರಿ ಹೊಳೆಯ ಅಳಿವೆ. ಹುಟ್ಟಿ ಬೆಳೆದ ನೆಲ, ತಪ್ಪಿದ್ದರೆ ಕಣ್ಣಿಗೆ ಬೀಳದೆ ಇರುವುದಿಲ್ಲ ಎಂಬ ಧೈರ್ಯ ನನಗಿತ್ತು.

ದೀಪಾವಳಿಯ ಮರುದಿನ ಗ್ರಾಹಕರ ಕಡೆಯ ತರಬೇತುದಾರರೊಬ್ಬರು ಪರದೆಯ ಚಿತ್ರವೊಂದನ್ನು ಕಳುಹಿಸಿದರು. ವಿಮಾನ ಅಮೆರಿಕದ ಸಿಯಾಟಲ್‌ನಲ್ಲಿ 16ನೇ ರನ್‌ವೇಯ ನಡುಗೆರೆಯ ಮೇಲೆ ನೇರವಾಗಿ ನಿಂತಿದೆ. ರನ್‌ವೇಯ ಸಂಖ್ಯೆ ಎಂದರೆ ಅದರ ಕಾಂತೀಯ ದಿಕ್ಕನ್ನು, ಅಂದರೆ ದಿಕ್ಸೂಚಿಯ ಉತ್ತರದಿಂದ ಬಲಕ್ಕೆ ಎಣಿಸಿದ ಡಿಗ್ರಿಯನ್ನು, ಹತ್ತಿರದ ಹತ್ತಕ್ಕೆ ತಂದು ಕೊನೆಯ ಸೊನ್ನೆಯನ್ನು ಕೈಬಿಟ್ಟದ್ದು. ಪರದೆಯಲ್ಲಿ 160ರ ಆಸುಪಾಸಿನ ಅಂಕಿ ಇರಬೇಕಿತ್ತು. ಇದ್ದದ್ದು 180.

ರನ್‌ವೇಯನ್ನೇ ಯಾರೋ ಓರೆಯಾಗಿ ಕೂರಿಸಿದ್ದಾರೆ ಎಂದು ಮೊದಲು ವಾದಿಸಿದೆ. ನಕ್ಷೆ ನೋಡಿದ ಮೇಲೆ ಮಾತು ನಿಂತಿತು. ಆ ರನ್‌ವೇ ಭೂಮಿಯ ನಿಜವಾದ ಉತ್ತರ-ದಕ್ಷಿಣಕ್ಕೇ ಚಾಚಿದೆ. ಆದರೆ ಸಿಯಾಟಲ್‌ನಲ್ಲಿ ದಿಕ್ಸೂಚಿಯ ಮುಳ್ಳು ನಿಜ ಉತ್ತರದಿಂದ ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಮುಳ್ಳಿನ ಲೆಕ್ಕದಲ್ಲಿ ಅದೇ ರನ್‌ವೇ 165ರ ಹತ್ತಿರ. ನನ್ನ ತಂತ್ರಾಂಶ ಕಾಂತೀಯ ದಿಕ್ಕಿನ ಜಾಗದಲ್ಲಿ ನಿಜ ದಿಕ್ಕನ್ನು ತೋರಿಸುತ್ತಿತ್ತು. ನಮ್ಮ ಕರಾವಳಿಯಲ್ಲಿ ಮುಳ್ಳು ವಾಲುವುದು ಪಶ್ಚಿಮಕ್ಕೆ ಒಂದೆರಡು ಡಿಗ್ರಿ ಮಾತ್ರ. ನಂಬಿ ಆರಿಸಿಕೊಂಡ ಬಜಪೆಯೇ ತಪ್ಪನ್ನು ಅಷ್ಟು ದಿನ ಮುಚ್ಚಿಟ್ಟಿತ್ತು.

ಅಂದು ರಾತ್ರಿಯೇ ತಿದ್ದಿದೆ. ತಿದ್ದಿದ್ದೂ ತಪ್ಪಾಯಿತು. ಮುಳ್ಳು ಪೂರ್ವಕ್ಕೆ ವಾಲಿದರೆ ನಿಜ ದಿಕ್ಕಿನಿಂದ ಕಳೆಯಬೇಕು, ಪಶ್ಚಿಮಕ್ಕಾದರೆ ಕೂಡಿಸಬೇಕು. ನಾನು ಅದನ್ನು ತಿರುವುಮುರುವಾಗಿ ಬರೆದಿದ್ದೆ. ಬಜಪೆ ಇದನ್ನೂ ಸದ್ದಿಲ್ಲದೆ ಒಪ್ಪಿಕೊಂಡಿತು. ಸಿಯಾಟಲ್ ಮಾತ್ರ 195 ಎಂದಿತು.

ಅದೇ ವಾರ ನೀರ್ಚಾಲಿನಲ್ಲಿ ದೊಡ್ಡಪ್ಪನ ಹೊಸ ಮನೆಗೆ ದಿಕ್ಕು ಗುರುತಿಸುವುದಿತ್ತು. "ಮೊಬೈಲಿನಲ್ಲಿ ದಿಕ್ಸೂಚಿ ಇದೆಯಲ್ಲ, ನೋಡಿ ಹೇಳು" ಎಂದರು ದೊಡ್ಡಪ್ಪ. ಆಚಾರಿ ಒಪ್ಪಲಿಲ್ಲ. ಸಮ ಮಾಡಿದ ನೆಲದಲ್ಲಿ ಶಂಕು ನೆಟ್ಟು, ಅದಕ್ಕೆ ಹಗ್ಗ ಕಟ್ಟಿ ಸುತ್ತ ಒಂದು ವೃತ್ತ ಎಳೆದರು. ಬೆಳಗ್ಗೆ ನೆರಳಿನ ತುದಿ ಕುಗ್ಗುತ್ತ ಬಂದು ವೃತ್ತವನ್ನು ಮುಟ್ಟಿದಲ್ಲಿ ಒಂದು ಗೂಟ. ಮಧ್ಯಾಹ್ನದ ಮೇಲೆ ಅದು ಉದ್ದವಾಗುತ್ತ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡಕ್ಕೂ ದಾರ ಬಿಗಿದರೆ ಅದೇ ಪೂರ್ವ-ಪಶ್ಚಿಮ. ಅದರಲ್ಲಿ ಮುಳ್ಳಿಗೆ ಕೆಲಸವೇ ಇಲ್ಲ. ದಾರದ ಪಕ್ಕ ಮೊಬೈಲ್ ಇಟ್ಟು ನೋಡಿದೆ, ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಸಿಯಾಟಲ್‌ನಲ್ಲಿ ಹತ್ತು ಮೀಟರ್ ಗೋಡೆಯನ್ನು ಶಂಕುವಿನಿಂದ ಒಮ್ಮೆ, ಮುಳ್ಳಿನಿಂದ ಒಮ್ಮೆ ಗುರುತಿಸಿದರೆ ಕೊನೆಗೆ ಎರಡು ಗೆರೆಗಳ ನಡುವೆ ಎರಡೂವರೆ ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ.

ಈಗಿನ ದೊಡ್ಡ ಜೆಟ್‌ಗಳದ್ದೂ ಆಚಾರಿಯ ದಾರಿಯೇ. ಅವುಗಳ ಲೇಸರ್ ಗೈರೋಗಳು ಭೂಮಿಯ ತಿರುಗುವಿಕೆಯನ್ನು ಗ್ರಹಿಸಿ ನಿಜ ಉತ್ತರವನ್ನು ಕಂಡುಕೊಳ್ಳುತ್ತವೆ. ಆಮೇಲೆ ಕಂಪ್ಯೂಟರಿನ ಕೋಷ್ಟಕದಿಂದ ಆ ಜಾಗದ ವಾಲಿಕೆಯನ್ನು ತೆಗೆದು ಕಾಂತೀಯ ದಿಕ್ಕನ್ನು ಲೆಕ್ಕ ಹಾಕಿ ತೋರಿಸುತ್ತವೆ. ಕೋಷ್ಟಕ ಹಳತಾದರೆ ಅಂಕಿಯೂ ಕೆಡುತ್ತದೆ, ಏಕೆಂದರೆ ಕಾಂತೀಯ ಧ್ರುವ ನಿಂತಲ್ಲಿ ನಿಲ್ಲುವುದಿಲ್ಲ. ಐದು ವರ್ಷಕ್ಕೊಮ್ಮೆ ಹೊಸದಾಗುವ ವಿಶ್ವ ಕಾಂತೀಯ ಮಾದರಿಯನ್ನು 2019ರಲ್ಲಿ ಅವಧಿಗೆ ಮೊದಲೇ ಪರಿಷ್ಕರಿಸಬೇಕಾಯಿತು. ಲಂಡನ್ ಬಳಿಯ ಸ್ಟಾನ್‌ಸ್ಟೆಡ್‌ನಲ್ಲಿ 05/23 ಎಂದಿದ್ದ ರನ್‌ವೇ 2009ರಲ್ಲಿ 04/22 ಆಯಿತು. ಸಿಮ್ಯುಲೇಟರ್‌ನಲ್ಲಿ ರನ್‌ವೇಯ ಹೆಸರು ಒಂದು ವರ್ಷದ್ದು, ಕೋಷ್ಟಕ ಇನ್ನೊಂದು ವರ್ಷದ್ದು ಆಗದಂತೆ ನೋಡಿಕೊಳ್ಳುವುದು ಈಗ ನನ್ನ ಕೆಲಸದ ಭಾಗ.

ಪರೀಕ್ಷೆಯ ಕ್ರಮವನ್ನೂ ಬದಲಿಸಿದ್ದೇನೆ. ಮೊದಲು ಸಿಯಾಟಲ್. ನಂತರ ಮುಳ್ಳು ಪಶ್ಚಿಮಕ್ಕೆ ವಾಲುವ ನ್ಯೂಯಾರ್ಕ್. ಅಲ್ಲಿನ ಕೆನಡಿ ನಿಲ್ದಾಣದ 04 ರನ್‌ವೇಗಳ ನಿಜ ದಿಕ್ಕು ಸುಮಾರು 31, ಕಾಂತೀಯ ದಿಕ್ಕು ಸುಮಾರು 44. ಮೂರನೆಯದು ಕೆನಡಾದ ದೂರದ ಉತ್ತರದಲ್ಲಿರುವ ರೆಸೊಲ್ಯೂಟ್. ಕಾಂತೀಯ ಧ್ರುವದ ಸಮೀಪ ಮುಳ್ಳನ್ನು ನಂಬುವಂತಿಲ್ಲವಾದ್ದರಿಂದ ಅಲ್ಲಿ ರನ್‌ವೇಯ ಸಂಖ್ಯೆಯೂ ನಿಜ ದಿಕ್ಕಿನದೇ. ಬಜಪೆ ಕೊನೆಗೆ.

ಗಾಳಿಯ ಭಾಗ ಇನ್ನೂ ಉಳಿದಿದೆ. ಹವಾಮಾನ ವರದಿಯಲ್ಲಿ ಬರೆದು ಬರುವ ಗಾಳಿಯ ದಿಕ್ಕು ನಿಜ ಉತ್ತರದಿಂದ ಅಳೆದದ್ದು. ಇಳಿಯುವ ಪೈಲಟ್‌ಗೆ ಟವರ್‌ನಿಂದ ಹೇಳುವುದು ಕಾಂತೀಯ ದಿಕ್ಕು. ನಮ್ಮ ಸಿಮ್ಯುಲೇಟರ್‌ನಲ್ಲಿ ಇವೆರಡೂ ಒಂದೇ ಕಡತದಿಂದ ಬರುತ್ತಿವೆ. ನಾಳೆ ಬೆಳಗ್ಗೆ ಅದನ್ನು ಬಿಚ್ಚಿ ನೋಡುತ್ತೇನೆ, ಸಿಯಾಟಲ್‌ನಿಂದಲೇ ಶುರು ಮಾಡಿ.