ನೀರು ಮಾತ್ರ

ಮಂಗಳೂರಿನಲ್ಲಿ ನೀರಿಗೆ ತತ್ವಾರ ಅಂದರೆ ಘಟ್ಟದ ಮೇಲಿನ ನೆಂಟರು ನಗುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಊರು. ಆದರೆ ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಸುರಿದದ್ದೆಲ್ಲ ಇಳಿದು ಹೊಳೆಗೆ, ಹೊಳೆಯಿಂದ ಕಡಲಿಗೆ. ಏಪ್ರಿಲ್ ಕಳೆಯುವಷ್ಟರಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. 2023ರ ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ಮಟ್ಟ ತಗ್ಗಿ, ನಗರಕ್ಕೆ ದಿನ ಬಿಟ್ಟು ದಿನ ನೀರು ಎಂದಾಯಿತು. ನಮ್ಮಂಥವರಿಗೆ ಅದು ಕಿರಿಕಿರಿ, ಅಷ್ಟೇ. ಟ್ಯಾಂಕ್ ಇದೆ, ತುಂಬಿಸಿ ಇಟ್ಟುಕೊಳ್ಳುತ್ತೇವೆ. ಚರ್ಚಿನ ಹಿಂದಿನ ಗುಡ್ಡದ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿ ಇರುವವರ ಕಥೆ ಬೇರೆ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನಳ್ಳಿ ಇಲ್ಲ, ನಳ್ಳಿಗೆ ಅರ್ಜಿ ಹಾಕಲು ಡೋರ್ ನಂಬ್ರವೂ ಇಲ್ಲ.

ಆ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೂರನೇ ಭಾನುವಾರ ಚರ್ಚಿನಲ್ಲಿ ಓದಿದ್ದು ಯೊವಾನ್ನರ ಶುಭಸಂದೇಶದ ನಾಲ್ಕನೇ ಅಧ್ಯಾಯ: ಯೇಸು ಬಾವಿಯ ಬಳಿ ಕೂತು ಸಮಾರಿಯದ ಹೆಂಗಸಿನಲ್ಲಿ ಕುಡಿಯಲು ನೀರು ಕೇಳುವ ಭಾಗ. ಪ್ರವಚನ ಸಾಮಾನ್ಯವಾಗಿ ನೇರ 'ಜೀವಜಲ'ಕ್ಕೆ ಹಾರಿಬಿಡುತ್ತದೆ. ನನಗೆ ಇಷ್ಟ ಆಗುವುದು ಆ ಹೆಂಗಸಿನ ಮಾತು. ಬಾವಿ ಆಳ ಇದೆ, ಸೇದಲಿಕ್ಕೆ ನಿಮ್ಮ ಹತ್ತಿರ ಏನೂ ಇಲ್ಲವಲ್ಲ ಎನ್ನುತ್ತಾಳೆ. ನೀರು ಹೊತ್ತು ಗೊತ್ತಿದ್ದವಳ ಪ್ರಶ್ನೆ ಅದು.

ನಮ್ಮ ವಾರ್ಡಿನ ಗುರ್ಕಾರರೂ, ಅಂದರೆ ಚರ್ಚಿನ ವಾರ್ಡಿನ ಮುಖಂಡರೂ, ಅದೇ ಜಾತಿಯ ಮನುಷ್ಯ. ಚರ್ಚಿನ ಬಾವಿ ಬತ್ತಿರಲಿಲ್ಲ, ಶೆಡ್ಡಿನವರಿಗೆ ಕೊಡೋಣ ಎಂದು ಎಲ್ಲರೂ ಹೇಳಿದಾಗ ಇವರು ಮೊದಲು ಕೇಳಿದ್ದು, "ಈ ನೀರನ್ನು ಪರೀಕ್ಷೆ ಮಾಡಿಸಿ ಎಷ್ಟು ವರ್ಷ ಆಯಿತು?" ಕಾಲೇಜಿನ ಲ್ಯಾಬಿನಲ್ಲಿ ಇರುವ ನಮ್ಮ ವಾರ್ಡಿನವರೇ ಒಬ್ಬರು ಒಳಗೆ ಕಾಗದದ ಪಟ್ಟಿ ಇರುವ ಸಣ್ಣ ಬಾಟಲಿ ತಂದರು. ನೀರು ತುಂಬಿಸಿ ಮುಚ್ಚಿ ಇಡುವುದು. ಮಲದ ರೋಗಾಣು ಇದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಮರುದಿನ ಸಂಜೆಗೇ ಕಪ್ಪಾಯಿತು, ಡಾಂಬರಿನ ಕಪ್ಪು. ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ಬಾವಿ! ಸ್ವಲ್ಪ ಮೇಲ್ಗಡೆ ಒಂದು ಹಳೇ ಕಕ್ಕಸು ಗುಂಡಿ ಇತ್ತು. ಮುರಕಲ್ಲಿನ ತೂತು ಮಳೆನೀರನ್ನು ಮಾತ್ರ ಇಳಿಸುವುದಲ್ಲ.

ಹಾಗಾಗಿ ಬ್ಲೀಚಿಂಗ್ ಪೌಡರ್. 1,000 ಲೀಟರಿಗೆ ಎರಡೂವರೆ ಗ್ರಾಂ ಸಾಕು. ನೇರ ಟ್ಯಾಂಕಿಗೆ ಸುರಿಯುವ ಹಾಗಿಲ್ಲ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹೊಯ್ದು, ಒಂದು ಗಂಟೆ ಕಾಯಬೇಕು. ಆ ಗಂಟೆಯಲ್ಲಿ ಪಿಕಪ್ಪಿನ ನೆರಳಲ್ಲಿ ನಿಂತು ನಮ್ಮ ಹುಡುಗರು ಬ್ಯಾನರ್ ವಿಷಯ ತೆಗೆದರು. ಟ್ಯಾಂಕಿನ ಮೇಲೆ ಚರ್ಚಿನ ಹೆಸರು, ಒಂದು ವಾಕ್ಯ, ಫೋಟೊ. ಶುದ್ಧ ಕುಡಿಯುವ ನೀರು ಮನುಷ್ಯರ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್ 2015ರಲ್ಲೇ ಬರೆದಿದ್ದಾರೆ. ಹಕ್ಕಿನ ಮೇಲೆ ಕೊಟ್ಟವನ ಹೆಸರು ಯಾಕೆ ಬರೆಯುವುದು ಎಂದೆ. ಹುಡುಗರಿಗೆ ಅಷ್ಟೇನೂ ಹಿಡಿಸಲಿಲ್ಲ.

ಶೆಡ್ಡಿನ ಹತ್ತಿರ ಪಿಕಪ್ ನಿಂತಿತು. ಕೊಡಗಳು ಸಾಲಾಗಿ ಬರುತ್ತವೆ ಎಂದುಕೊಂಡಿದ್ದೆವು, ಒಬ್ಬರೂ ಹತ್ತಿರ ಬರಲಿಲ್ಲ. ಕಡೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ಬಂದು, ಗುರ್ಕಾರರ ಕೊರಳ ಶಿಲುಬೆ ನೋಡಿ ಕೇಳಿದಳು, "ನಾವು ನಿಮ್ಮ ಚರ್ಚಿಗೆ ಬರಬೇಕೇನ್ರಿ?"

ಮತಾಂತರದ ಹೆಸರಿನಲ್ಲಿ ಇಲ್ಲಿ ಏನೇನಾಗಿದೆ ಎಂದು ಬಲ್ಲ ನಮಗೆ ಆ ಪ್ರಶ್ನೆ ಚುರುಕ್ಕೆಂದಿತು. ಹುಡುಗರ ಮುಖ ಸಣ್ಣಗಾಯಿತು. ಅವಳದು ಆರೋಪವೇನೂ ಅಲ್ಲ, ಬೆಲೆ ಕೇಳಿದ್ದು. ದುಡಿದು ತಿನ್ನುವವರು ಯಾವುದನ್ನೂ ಬೆಲೆ ಕೇಳದೆ ತೆಗೆದುಕೊಳ್ಳುವುದಿಲ್ಲ.

"ಬೇಡಮ್ಮ. ನೀರು ಮಾತ್ರ," ಅಂದರು ಗುರ್ಕಾರರು. ಪೈಪು ಬಿಟ್ಟರು.

ಅವಳು ಮೊದಲು ಬೊಗಸೆ ಒಡ್ಡಿ ಮೂಸಿದಳು. "ಔಷಧ ವಾಸನಿ ಬರ್ತೈತಲ್ರೀ?" ನಾನು ಬಾಟಲಿಯ ಕಥೆ ಹೇಳಿದೆ, ಕಪ್ಪಾದ ಬಾಟಲಿಯನ್ನೂ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದ ಶೆಡ್ಡಿನವರನ್ನೆಲ್ಲ ಕೂಗಿ ಕರೆದು ತಾನೇ ವಿವರಿಸಿದಳು. ಆಮೇಲೆ ಕೊಡಗಳು ಬಂದವು, ಪೇಂಟಿನ ಡಬ್ಬಗಳು ಬಂದವು. ಪೇಂಟಿನ ಡಬ್ಬದಲ್ಲಿ ಕುಡಿಯುವ ನೀರು ಬೇಡ ಎಂದು ಹೇಳಲು ನಮಗೇನು, ಬಾಯಿ ಇದೆ. ಅವರಲ್ಲಿ ಬೇರೆ ಪಾತ್ರೆ ಇರಬೇಕಲ್ಲ.

ಹೊರಡುವಾಗ ಅವಳದೇ ತಕರಾರು. "ಹತ್ತು ಗಂಟೆಕ್ಕ ಬಂದ್ರ ಯಾರಿಗ್ರೀ ನೀರು? ಏಳಕ್ಕ ನಾವು ಕೆಲಸಕ್ಕ ಹೊಂಟಿರ್ತೀವಿ. ಆರಕ್ಕ ಬರ್ರಿ." ಅವತ್ತು ಕೆಲಸ ಇಲ್ಲದವರಷ್ಟೇ ಅಲ್ಲಿದ್ದದ್ದು.

ಆರು ಗಂಟೆಗೆ ಚರ್ಚಿನಲ್ಲಿ ದಿನದ ಪೂಜೆ. ಪಿಕಪ್ ಓಡಿಸುವವನು, ಪಂಪು ನೋಡಿಕೊಳ್ಳುವವರು, ಗುರ್ಕಾರರು, ಎಲ್ಲರೂ ಅದನ್ನು ತಪ್ಪಿಸದ ಪೈಕಿ. ಫಾದರ್ ಹತ್ತಿರ ಅಳುಕುತ್ತಲೇ ಹೇಳಿದೆವು. ಅವರು ಡೈರಿ ತೆಗೆದು ನೋಡಿ, "ಮಳೆ ಬರುವವರೆಗೆ ಪೂಜೆ ಏಳಕ್ಕೆ ಇಡುವ," ಅಂದರು.