ಸದ್ದು ಒಂದ್ಕಡೆ, ರೋಗ ಇನ್ನೊಂದ್ಕಡೆ: ಎಂಟಿಬಿ ಸರ್ವಿಸ್ ಮಾಡ್ತಾ ಕಲ್ತಿದ್ದು

ಬೆಂಗಳೂರು ಸೌತಲ್ಲಿ ಒಂದು ಸೈಕಲ್ ಅಂಗಡಿ, ಅದರ ಸರ್ವಿಸ್ ಸೆಕ್ಷನ್ ನೋಡ್ಕೊಳ್ಳೋದು ನನ್ನ ಕೆಲಸ. ರೋಡ್ ಬೈಕು, ಹೈಬ್ರಿಡ್ಡು, ಮಕ್ಕಳ ಸೈಕಲ್ಲು ಎಲ್ಲಾ ಬರುತ್ತೆ, ಆದ್ರೆ ತುರಹಳ್ಳಿ ಕಾಡು ಹತ್ರ ಇರೋದ್ರಿಂದ ಸೋಮವಾರ ಶಟರ್ ಎತ್ತೋ ಹೊತ್ತಿಗೆ ಬಾಗ್ಲಲ್ಲಿ ನಿಂತಿರೋದು ಹೆಚ್ಚಾಗಿ ಮಣ್ಣು ಮೆತ್ಕೊಂಡಿರೋ ಮೌಂಟನ್ ಬೈಕುಗಳೇ, ಅಂದ್ರೆ ಕಾಡು ಬೆಟ್ಟದ ದಾರಿಗೆ ಅಂತ ಮಾಡಿರೋ ದಪ್ಪ ಟೈರಿನ ಸೈಕಲ್ಲು, ಎಂಟಿಬಿ. ಜೊತೆಗೆ ಓನರ್ರು, ಅವರ ಬಾಯಲ್ಲಿ ಆಗ್ಲೇ ರೆಡಿ ಇರೋ ಉತ್ತರ. "ಅಣ್ಣಾ, ಬಿಬಿ ಹೋಗಿದೆ, ಚೇಂಜ್ ಮಾಡ್ಬಿಡಿ." "ಫೋರ್ಕ್ ಸರಿ ಇಲ್ಲ ಬ್ರೋ, ಬೇರೆ ಯಾವ್ದಿದೆ?" (ಬಿಬಿ ಅಂದ್ರೆ ಬಾಟಮ್ ಬ್ರಾಕೆಟ್, ಪೆಡಲ್ ಕೂತಿರೋ ಕ್ರ್ಯಾಂಕ್ ತಿರುಗೋ ಬೇರಿಂಗು. ಫೋರ್ಕ್ ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಕವಲು.) ಶನಿವಾರ ರಾತ್ರಿ ಯೂಟ್ಯೂಬಲ್ಲಿ ನೋಡಿರ್ತಾರೆ, ತಪ್ಪೇನಿಲ್ಲ, ನಾನೂ ಅಲ್ಲೇ ಅರ್ಧ ಕಲ್ತಿರೋದು.

ನಮ್ಮಲ್ಲಿಗೆ ಹೊಸದಾಗಿ ಸೇರೋ ಹುಡುಗ್ರು ಕಸ್ಟಮರ್ ಹೇಳಿದ್ದನ್ನ ಹಂಗೇ ಜಾಬ್ ಕಾರ್ಡಲ್ಲಿ ಬರ್ಕೊಂಡು ಅಲೆನ್ ಕೀ ಕೈಗೆತ್ಕೊಳ್ತಾರೆ. ನಾನು ತಡೀತೀನಿ. ಎಲ್ಲಿ ಓಡಿಸಿದ್ರು, ಯಾವ್ದ್ರಲ್ಲಿ ತೊಳದ್ರು, ಇದಕ್ಕೆ ಮುಂಚೆ ಯಾರು ಬಿಚ್ಚಿದ್ರು, ಇಷ್ಟನ್ನ ಕೇಳಿ ತಿಳ್ಕೊಳ್ದೆ ಸೈಕಲ್ಲನ್ನ ಸ್ಟ್ಯಾಂಡಿಗೆ ಏರಿಸ್ಬೇಡ ಅಂತ. ಇದು ದೊಡ್ಡ ವಿದ್ಯೆಯೇನಲ್ಲ, ಆದ್ರೆ ಈ ಕೆಲಸದಲ್ಲಿ ದುಡ್ಡು ಉಳಿಯೋದು ಹೋಗೋದು ಎಲ್ಲಾ ಈ ಎರಡ್ ನಿಮಿಷದ ಮಾತಲ್ಲೇ ತೀರ್ಮಾನ ಆಗೋದು.

ಸದ್ದಿನ ಕೇಸನ್ನೇ ತಗೊಳ್ಳಿ. ಒಬ್ರು ಸಾರ್ ಒಂದು ಒಳ್ಳೆ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ದಿರೋ ಎಂಟಿಬಿ) ತಂದ್ರು, ತುಳಿದ್ರೆ ಸಾಕು ಕಟ್ ಕಟ್ ಅನ್ನುತ್ತೆ, ಬೇರೆ ಕಡೆ ತೋರ್ಸಿ ಬಿಬಿನೂ ಹಾಕ್ಸಿ ಆಗಿದೆ, ಆದ್ರೂ ಹೋಗಿಲ್ಲ, ಇನ್ನೊಂದ್ಸಲ ಹಾಕಿ ಅಂತಾರೆ. ಸೈಕಲ್ ಫ್ರೇಮ್ ಅಂದ್ರೆ ಒಳಗೆ ಟೊಳ್ಳಿರೋ ಪೈಪು ತಾನೆ, ಒಂದು ತುದೀಲಿ ಹುಟ್ಟಿದ ಸದ್ದು ಇನ್ನೊಂದು ತುದೀಲಿ ಕೇಳ್ಸುತ್ತೆ, ಕಿವಿ ನಂಬ್ಕೊಂಡು ಪಾರ್ಟ್ ಬದಲಾಯ್ಸೋಕಾಗಲ್ಲ. ನಾನು ಮೊದ್ಲು ಓಡಿಸ್ತೀನಿ. ಸೀಟಿಂದ ಎದ್ದು ನಿಂತು ತುಳೀತೀನಿ, ಸದ್ದು ನಿಂತ್ರೆ ಸೀಟ್‌ಪೋಸ್ಟೋ ಸೀಟಿನ ರೈಲೋ ಇರ್ಬೇಕು. ಪೆಡಲ್ ಒಂದೇ ಜಾಗಕ್ಕೆ ಬಂದಾಗ ಬಂದ್ರೆ ಪೆಡಲ್ಲೋ ಕ್ರ್ಯಾಂಕೋ. ತುಳಿಯೋದು ನಿಲ್ಲಿಸಿ ಸುಮ್ನೆ ಉರುಳೋಕ್ ಬಿಟ್ಟಾಗ್ಲೂ ಚಕ್ರದ ಒಂದೊಂದು ಸುತ್ತಿಗೆ ಒಂದೊಂದ್ಸಲ ಬಂದ್ರೆ ಸ್ಪೋಕು ಅಥವಾ ಡಿಸ್ಕ್ ಕಡೆ ನೋಡ್ಬೇಕು. ಈ ಸಾರ್ ಬೈಕಲ್ಲಿ ಕೂತ್ರೂ ಬರುತ್ತೆ ನಿಂತ್ರೂ ಬರುತ್ತೆ, ಆದ್ರೆ ಜೋರಾಗಿ ತುಳಿದಾಗ ಮಾತ್ರ. ಹಿಂದಿನ ಚಕ್ರ ಬಿಚ್ಚಿದ್ಯಾವಾಗ ಸಾರ್ ಅಂದೆ. ಹೋದ್ ತಿಂಗ್ಳು ಕಾರಲ್ಲಿ ಹಾಕ್ಕೊಂಡು ಅವತಿ ಬೆಟ್ಟಕ್ಕೆ ಹೋಗಿದ್ವಿ, ಆಗ ಬಿಚ್ಚಿದ್ದೆ ಅಂದ್ರು. ಥ್ರೂ ಆಕ್ಸಲ್, ಅಂದ್ರೆ ಚಕ್ರವನ್ನ ಫ್ರೇಮಿಗೆ ಸೇರಿಸೋ ಉದ್ದ ಬೋಲ್ಟು, ಎಳೆದ್ರೆ ಒಂದು ಹನಿ ಗ್ರೀಸಿಲ್ಲ, ಥ್ರೆಡ್ ತುಂಬಾ ನುಣ್ಣಗೆ ಕೆಂಪು ಧೂಳು ಕೂತಿದೆ, ಆಕ್ಸಲ್ ಫ್ರೇಮಿಗೆ ಸೇರೋ ಜಾಗದಲ್ಲಿ ಉಜ್ಜಿ ಉಜ್ಜಿ ಹೊಳೀತಾ ಒಂದು ಉಂಗುರ ಆಗಿದೆ. ಬಟ್ಟೇಲಿ ಒರೆಸ್ದೆ, ಗ್ರೀಸ್ ಹಚ್ದೆ, ಆಕ್ಸಲ್ ಮೇಲೆ ಎಷ್ಟು ಎನ್ಎಂ (ಟೈಟ್ ಮಾಡೋ ಬಲದ ಅಳತೆ) ಅಂತ ಬರೆದಿರ್ತಾರೋ ಅಷ್ಟಕ್ಕೆ ಟಾರ್ಕ್ ವ್ರೆಂಚಲ್ಲಿ ಟೈಟ್ ಮಾಡ್ದೆ. ಸದ್ದು ಹೋಯ್ತು. ಬಿಲ್ಲು ಲೇಬರ್ ಮಾತ್ರ. ಹೊಸ ಬಿಬಿ ಹಾಕಿದ್ರೆ ಅಂಗಡಿಗೆ ಇನ್ನೊಂದಿಷ್ಟು ಬರ್ತಿತ್ತು ನಿಜ, ಆದ್ರೆ ಸದ್ದು ಉಳೀತಿತ್ತು, ಸಾರೂ ಮುಂದಿನ ವಾರ ವಾಪಸ್ ಬರ್ತಿದ್ರು, ಆಗ ಮುಖ ಬೇರೆ ಥರ ಇರ್ತಿತ್ತು.

ಯಾವ್ದ್ರಲ್ಲಿ ತೊಳದ್ರು ಅಂತ ಕೇಳೋದು ಯಾಕಂದ್ರೆ ನಮ್ಮೂರಲ್ಲಿ ಎಲ್ರಿಗೂ ಸುಲಭಕ್ಕೆ ಸಿಗೋದು ಮೋಟರ್ ಬೈಕ್ ವಾಟರ್ ಸರ್ವಿಸ್. ಸ್ವಲ್ಪ ದುಡ್ಡು ಕೊಟ್ರೆ ಪ್ರೆಶರ್ ಗನ್ನಲ್ಲಿ ಹೊಡ್ದು ಫಳಫಳ ಮಾಡ್ಕೊಡ್ತಾರೆ. ಮೋಟರ್ ಬೈಕಿಗೆ ನಡಿಯುತ್ತೆ, ಸೈಕಲ್ಲಿನ ಹಬ್ಬು (ಚಕ್ರದ ನಡುಭಾಗ), ಹೆಡ್‌ಸೆಟ್ಟು (ಹ್ಯಾಂಡಲ್ ತಿರುಗೋ ಬೇರಿಂಗು), ಬಿಬಿ ಇವುಗಳ ಸೀಲು ಅಷ್ಟು ಪ್ರೆಶರ್ ತಡಿಯಲ್ಲ, ನೀರು ಒಳಗೆ ಹೋಗಿ ಗ್ರೀಸು ತೊಳೆದು ಹೋಗುತ್ತೆ. ಹೊರಗಡೆ ಹೊಸದರ ಥರ ಇರುತ್ತೆ, ಒಳಗೆ ಬೇರಿಂಗ್ ಗರಗರ. ಒಂದು ಬಕೆಟ್ ನೀರು, ಒಂದು ಬ್ರಷ್ಷು, ಸ್ವಲ್ಪ ಪಾತ್ರೆ ತೊಳಿಯೋ ಲಿಕ್ವಿಡ್ಡು ಸಾಕು, ಇದನ್ನ ಹೇಳಿ ಹೇಳಿ ನನ್ನ ಬಾಯಿ ನೋವು ಬಂದಿದೆ.

ಇನ್ನು ಬ್ರೇಕು. ಇದರಲ್ಲಿ ಕೇಳಿದ್ರೂ ಜನ ಬೇಗ ಬಾಯಿ ಬಿಡಲ್ಲ. ಡಿಸ್ಕ್ ಕೀಂವ್ ಅಂತ ಕಿರುಚುತ್ತೆ, ಹಿಡಿದ್ರೆ ನಿಲ್ಲಲ್ಲ. "ಏನಾದ್ರೂ ಹಾಕಿದ್ರಾ?" "ಏನೂ ಇಲ್ಲ ಅಣ್ಣ." ಮೂಗಿಗೆ ಹಿಡಿದ್ರೆ ಡಬ್ಲ್ಯೂಡಿ ಫಾರ್ಟಿ ಎಣ್ಣೆ ಸ್ಪ್ರೇ ವಾಸ್ನೆ. "ಇಲ್ಲ, ಸ್ವಲ್ಪ ಸದ್ದು ಬರ್ತಿತ್ತು ಅಂತ ಒಂಚೂರು ಸ್ಪ್ರೇ..." ಅಂತ ಆಮೇಲೆ ಬರುತ್ತೆ. ಒಬ್ರ ಮನೇಲಿ ತಾತ ಪ್ರೀತಿಯಿಂದ ಕೊಬ್ರಿ ಎಣ್ಣೆ ಬಿಟ್ಟಿದ್ರು, ಚೈನಿಗೆ ಬಿಟ್ಟಿದ್ದು ಡಿಸ್ಕಿಗೂ ಸಿಡಿದಿತ್ತು. ಡಿಸ್ಕ್ ರೋಟರನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ್ರೆ ಬಚಾವಾಗುತ್ತೆ, ಪ್ಯಾಡು ಎಣ್ಣೆ ಕುಡಿದ್ಬಿಟ್ಟಿದ್ರೆ ಸ್ಯಾಂಡ್ ಪೇಪರಲ್ಲಿ ಉಜ್ಜಿದ್ರೂ ಎರಡು ಇಳಿಜಾರಿಗೆ ಮತ್ತೆ ಅದೇ ಕಥೆ, ಬದಲಾಯ್ಸೋದೇ ಒಳ್ಳೇದು. ಹೊಸ ಪ್ಯಾಡ್ ಹಾಕಿದ್ಮೇಲೆ ಬೆಡ್-ಇನ್ ಮಾಡ್ಬೇಕು, ಅಂದ್ರೆ ಸ್ವಲ್ಪ ಸ್ಪೀಡಲ್ಲಿ ಹೋಗಿ ಚಕ್ರ ಲಾಕ್ ಆಗ್ದಂಗೆ ಮೆತ್ತಗೆ ನಿಧಾನ ಮಾಡೋದು, ಪೂರ್ತಿ ನಿಲ್ಲಿಸ್ಬಾರ್ದು, ಹಂಗೆ ಹತ್ತಿಪ್ಪತ್ತು ಸಲ. ಪ್ಯಾಡಿನ ಪುಡಿ ರೋಟರ್ ಮೇಲೆ ಒಂದೇ ಸಮ ಕೂತ್ಕೊಂಡ್ರೆ ಆಮೇಲೇನೇ ಹಿಡಿತ ಬರೋದು. ಇದು ಮಾಡ್ದೆ ಡೆಲಿವರಿ ಕೊಟ್ರೆ ಕಸ್ಟಮರ್ ರಸ್ತೆ ಕೊನೆಯಿಂದಾನೇ ಫೋನ್ ಮಾಡ್ತಾರೆ, ಬ್ರೇಕೇ ಹಿಡೀತಿಲ್ಲ ಅಂತ.

ಇದಕ್ಕಿಂತ ಕಷ್ಟದ್ದು ಆಯಿಲ್ ಕೇಸು, ಅಂದ್ರೆ ಒಳಗೆ ಆಯಿಲ್ ತುಂಬಿರೋ ಹೈಡ್ರಾಲಿಕ್ ಬ್ರೇಕಿಂದು. ಬ್ರೇಕ್ ಲಿವರ್ ಮೆತ್ತಗಾಗಿದೆ ಅಂತ ಮನೆ ಹತ್ರ ಇರೋ ಮೋಟರ್ ಬೈಕ್ ಗ್ಯಾರೇಜಿಗೆ ಹೋಗ್ತಾರೆ, ಅವರ ಹತ್ರ ಇರೋದು ಮೋಟರ್ ಬೈಕಿಗೆ ಹಾಕೋ ಡಾಟ್ ಫ್ಲೂಯಿಡ್ಡು, ಬ್ರೇಕ್ ಆಯಿಲ್ ಅಂದ್ರೆ ಬ್ರೇಕ್ ಆಯಿಲ್ಲೇ ಅಲ್ವಾ ಅಂತ ಸುರಿದು ಕೊಡ್ತಾರೆ. ಶಿಮಾನೋ, ಟೆಕ್ಟ್ರೋ, ಮಗೂರ ಇವೆಲ್ಲಾ ಮಿನರಲ್ ಆಯಿಲ್ ಮೇಲೆ ನಡಿಯೋ ಬ್ರೇಕು, ಒಳಗಿನ ರಬ್ಬರ್ ಸೀಲಿಗೆ ಡಾಟ್ ಆಗಲ್ಲ, ಹಾಳಾಗಿ ಹೋಗುತ್ತೆ. ಆಮೇಲೆ ಲಿವರೂ ಹೋಯ್ತು, ಚಕ್ರದ ಹತ್ರ ಪ್ಯಾಡ್ ಹಿಡಿದಿರೋ ಕ್ಯಾಲಿಪರೂ ಹೋಯ್ತು. ಸ್ರ್ಯಾಮ್‌ದು ಬಹಳ ವರ್ಷ ಡಾಟ್ 5.1 ಅಂತ ಕಣ್ಣು ಮುಚ್ಕೊಂಡು ಹೇಳ್ಬೋದಿತ್ತು, ಈಗ ಅವರಲ್ಲೂ ಡಿಬಿ8, ಮೇವನ್ ಥರ ಮಿನರಲ್ ಆಯಿಲ್ ಮಾಡೆಲ್ ಬಂದಿದೆ, ಹಂಗಾಗಿ ಕಂಪನಿ ಹೆಸರು ನೋಡಿ ಸುರಿಯೋ ಕಾಲ ಹೋಯ್ತು, ಲಿವರ್ ಮೇಲೆ ಏನ್ ಬರೆದಿದೆ ಅಂತ ಓದ್ಲೇಬೇಕು. ಅದಕ್ಕೇ ಬ್ರೇಕ್ ಮೆತ್ತಗಿದೆ ಅಂತ ಬಂದ ಬೈಕಿಗೆ ಇದಕ್ಕೆ ಮುಂಚೆ ಯಾರು ಮುಟ್ಟಿದ್ರು ಅಂತ ನಾನು ಪೊಲೀಸ್ ಥರ ಕೇಳೋದು.

ಬ್ರೇಕಿನ ತಾಪತ್ರಯ ಈ ಎಂಟಿಬಿ ಆಟಕ್ಕೆ ಹುಟ್ಟಿದಾಗಿಂದ್ಲೇ ಇದೆ ಬಿಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟ್ ಟಾಮಲ್‌ಪೈಸ್ ಹತ್ರ 1976ರಲ್ಲಿ ಒಂದಿಷ್ಟು ಹುಡುಗ್ರು ಹಳೇ ದಪ್ಪ ಟೈರಿನ ಸೈಕಲ್ ತಗೊಂಡು ಮಣ್ಣು ರಸ್ತೇಲಿ ಕೆಳಗೆ ಇಳಿಯೋ ರೇಸ್ ಶುರು ಮಾಡಿದ್ರು. ಪೆಡಲ್ಲನ್ನ ಹಿಂದಕ್ಕೆ ತುಳಿದು ಹಿಡಿಯೋ ಕೋಸ್ಟರ್ ಬ್ರೇಕು, ಕೆಳಗೆ ಮುಟ್ಟೋ ಹೊತ್ತಿಗೆ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿರ್ತಿತ್ತಂತೆ, ಬಿಚ್ಚಿ ಹೊಸ ಗ್ರೀಸ್ ತುಂಬದೆ ಮತ್ತೆ ಇಳಿಯೋ ಹಂಗಿರ್ಲಿಲ್ಲ. ಅಲ್ಲಿಂದ 1996ರ ಅಟ್ಲಾಂಟಾ ಒಲಿಂಪಿಕ್ಸ್ ತನಕ ಬಂತು ಈ ಆಟ, ಬರೀ ಇಪ್ಪತ್ತು ವರ್ಷದಲ್ಲಿ. ಗ್ರೀಸ್ ತುಂಬೋ ಕೆಲಸ ಮಾತ್ರ ನಮ್ಗೇ ಉಳೀತು.

ಈಗ ಗಾಳಿ ವಿಷಯ, ನನಗೆ ಅತೀ ಇಷ್ಟದ್ದು, ಯಾಕಂದ್ರೆ ಇದಕ್ಕೆ ಖರ್ಚೇ ಇಲ್ಲ. ಫೋರ್ಕ್ ಗಟ್ಟಿ ಇದೆ, ಕೈ ನೋವು ಬರುತ್ತೆ, ತಿರುವಲ್ಲಿ ಟೈರ್ ಜಾರುತ್ತೆ ಅಂತ ಬರೋರಲ್ಲಿ ಸುಮಾರ್ ಜನಕ್ಕೆ ಹೊಸ ಫೋರ್ಕೂ ಬೇಡ ಹೊಸ ಟೈರೂ ಬೇಡ. ಹೆಬ್ಬೆರಳಲ್ಲಿ ಟೈರ್ ಒತ್ತಿದ್ರೆ ಕಲ್ಲು. ಗೇಜ್ ಹಾಕಿದ್ರೆ ಐವತ್ತು ಪಿಎಸ್ಐ. ಪೆಟ್ರೋಲ್ ಬಂಕಲ್ಲಿ ಹೊಡ್ಸಿರ್ತಾರೆ, ಅಥವಾ ಟೈರ್ ಪಕ್ಕದಲ್ಲಿ ಬರೆದಿರೋ ಮ್ಯಾಕ್ಸಿಮಮ್ಮನ್ನೇ ಹಾಕ್ಬೇಕಾದ್ದು ಅಂತ ತಿಳ್ಕೊಂಡಿರ್ತಾರೆ. 2.3 ಇಂಚಿನ ಟೈರು, ಎಪ್ಪತ್ತೈದು ಕೆಜಿ ಆಸಾಮಿ ಅಂದ್ರೆ ಟ್ಯೂಬ್ ಇದ್ರೆ ಇಪ್ಪತ್ತೆಂಟು ಮೂವತ್ತರ ಆಸುಪಾಸು, ಟ್ಯೂಬ್‌ಲೆಸ್ ಆದ್ರೆ ಇಪ್ಪತ್ತೆರಡರಿಂದ ಇಪ್ಪತ್ತೈದು, ಹಿಂದೆ ಮುಂದಿಗಿಂತ ಒಂದೆರಡು ಜಾಸ್ತಿ, ಇದು ನಾನು ಶುರು ಮಾಡೋ ಲೆಕ್ಕ, ಆಮೇಲೆ ಅವರವರ ಕೈಕಾಲಿಗೆ ಹೊಂದಿಸ್ಕೊಳ್ಬೇಕು. ತುರಹಳ್ಳಿ ಬಂಡೆ ಮೇಲೆ ಗಟ್ಟಿ ಟೈರು ಪುಟಿಯುತ್ತೆ, ಸ್ವಲ್ಪ ಮೆತ್ತಗಿದ್ರೆ ಬಂಡೆಯನ್ನ ಹಿಡ್ಕೊಳ್ಳುತ್ತೆ. ಗಾಳಿ ಬಿಟ್ಟು, ಹೋಗಿ ಒಂದು ರೌಂಡ್ ಓಡಿಸ್ಕೊಂಡ್ ಬನ್ನಿ ಮೇಡಂ, ಆಮೇಲೆ ಫೋರ್ಕ್ ಮಾತಾಡೋಣ ಅಂತ ಕಳಿಸ್ತೀನಿ. ಎಷ್ಟೋ ಜನ ಫೋರ್ಕ್ ವಿಷಯ ಎತ್ತೋಕೇ ವಾಪಸ್ ಬರಲ್ಲ.

ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ ತುಂಬಿರೋದು) ಇರೋರಿಗೆ ಮಾತ್ರ ಇನ್ನೊಂದು ಕೆಲಸ ಇದೆ. ರೈಡಿಂಗ್ ಬ್ಯಾಗು ನೀರು ಎಲ್ಲಾ ಹಾಕ್ಕೊಂಡು ಬೈಕ್ ಮೇಲೆ ನಿಂತ್ಕೊಳ್ಳಿ, ಫೋರ್ಕ್ ಎಷ್ಟು ಕೆಳಗೆ ಕೂರುತ್ತೆ ಅಂತ ಫೋರ್ಕ್ ಕಾಲಿನ ಮೇಲಿರೋ ರಬ್ಬರ್ ರಿಂಗಲ್ಲಿ ನೋಡ್ಬೇಕು. 120 ಎಂಎಂ ಕುಗ್ಗೋ ಫೋರ್ಕಾದ್ರೆ 24ರಿಂದ 30 ಎಂಎಂ ಕೂತ್ರೆ ಸಾಕು. ಅಂಗಡಿಯಿಂದ ಬರೋವಾಗ ಹಾಕಿದ ಗಾಳೀಲೇ ವರ್ಷ ಓಡಿಸೋರಿದ್ದಾರೆ, ಐವತ್ತೈದು ಕೆಜಿ ಹುಡುಗಿಗೂ ತೊಂಬತ್ತೈದು ಕೆಜಿ ಅಂಕಲ್ಲಿಗೂ ಒಂದೇ ಸೆಟ್ಟಿಂಗು.

ಟ್ಯೂಬ್‌ಲೆಸ್ ಅಂದ್ರೆ ಮುಳ್ಳಿನ ಕಥೆ ಬಂದೇ ಬರುತ್ತೆ. ಬಯಲು ಸೀಮೆ ಟ್ರೇಲಲ್ಲಿ ಓಡಿಸಿದೋರಿಗೆ ಬಳ್ಳಾರಿ ಜಾಲಿ ಮುಳ್ಳು ಏನು ಅಂತ ಹೇಳ್ಬೇಕಿಲ್ಲ. "ಟ್ಯೂಬ್‌ಲೆಸ್ ಮಾಡ್ಸಿದ್ರೂ ಗಾಳಿ ಇಳಿಯುತ್ತೆ, ನಿಮ್ಮ ಕೆಲಸ ಸರಿ ಇಲ್ಲ" ಅಂತ ಒಬ್ರು ಜೋರು ಮಾಡ್ಕೊಂಡು ಬಂದ್ರು. ಯಾವಾಗ ಮಾಡ್ಸಿದ್ದು ಅಂದ್ರೆ ಹೋದ್ ವರ್ಷ ದೀಪಾವಳಿಗೆ. ಅವರೆದುರಿಗೇ ಟೈರ್ ಒಂದು ಕಡೆ ಬಿಡಿಸ್ದೆ. ತೂತು ಮುಚ್ಲಿ ಅಂತ ಟೈರೊಳಗೆ ಹಾಕೋ ದ್ರವ, ಸೀಲೆಂಟು, ಒಂದು ಹನಿ ಇಲ್ಲ, ಒಣಗಿ ಹಾಲಿನ ಕೆನೆ ಥರ ಪದರ ಆಗಿ ಅಂಟ್ಕೊಂಡಿದೆ, ಅದರ ಮಧ್ಯೆ ಒಂದು ಕಡೆ ರಬ್ಬರ್ ಉಂಡೆ, ಬೆರಳು ಆಡಿಸಿದ್ರೆ ಒಳಗಡೆಯಿಂದ ಚುಚ್ಚುತ್ತೆ. ಮುಳ್ಳಿನ ತುದಿಗಳು. ಎಲ್ಲಾ ಹೊರಗಿಂದ ಮುರಿದು ಹೋಗಿ ತುದಿ ಮಾತ್ರ ಒಳಗೆ ಉಳಿದಿತ್ತು, ಪಿನ್ಸರಲ್ಲಿ ಒಂದೊಂದೇ ಕಿತ್ತು ಪೇಪರ್ ಮೇಲೆ ಇಟ್ಟೆ, ಅವರು ಸುಮ್ನೆ ನೋಡ್ತಾ ನಿಂತ್ರು. ಆ ಎಲ್ಲಾ ತೂತುಗಳನ್ನೂ ಅಷ್ಟು ದಿನ ಸೀಲೆಂಟ್ ಮುಚ್ಚಿತ್ತು, ಅವರಿಗೆ ಗೊತ್ತೇ ಆಗಿರ್ಲಿಲ್ಲ. ನಮ್ಮ ಬಿಸಿಲಿಗೆ ಮೂರ್ನಾಲ್ಕು ತಿಂಗಳಿಗೊಮ್ಮೆ ಸೀಲೆಂಟ್ ಇದ್ಯಾ ಅಂತ ನೋಡ್ಬೇಕು, ಚಕ್ರ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಗೊಳಕ್ ಗೊಳಕ್ ಅಂದ್ರೆ ಇದೆ, ಇಲ್ಲಾಂದ್ರೆ ಇಲ್ಲ.

ಭಯ ಆಗೋ ಕೇಸು ಒಂದೇ, ಆನ್‌ಲೈನಲ್ಲಿ ತರಿಸಿ ಮನೇಲೇ ಜೋಡಿಸಿದ ಬೈಕು. ಫೋರ್ಕ್ ಹಿಂದು ಮುಂದಾಗಿ ಹಾಕಿರ್ತಾರೆ. ಬಾಕ್ಸಲ್ಲಿ ಪ್ಯಾಕ್ ಮಾಡೋವಾಗ ಫೋರ್ಕ್ ತಿರುಗಿಸಿ ಇಟ್ಟಿರ್ತಾರೆ, ಅದನ್ನ ಹಂಗೇ ಬಿಟ್ಟು ಹ್ಯಾಂಡಲ್ ಮಾತ್ರ ಮುಂದಕ್ಕೆ ಮಾಡಿ ಟೈಟ್ ಮಾಡಿದ್ರೆ ಆಯ್ತು ಎಡವಟ್ಟು. ಕಂಡುಹಿಡಿಯೋದು ಸುಲಭ, ನೀವು ಸೀಟ್ ಮೇಲೆ ಕೂತಾಗ ಮುಂದಿನ ಡಿಸ್ಕು ಎಡಗಡೆ ಇರ್ಬೇಕು, ಬಲಗಡೆ ಇದ್ರೆ ಫೋರ್ಕ್ ಉಲ್ಟಾ. ಅಂಥಾ ಬೈಕಲ್ಲಿ ಹ್ಯಾಂಡಲ್ ನಿಲ್ಲಲ್ಲ, ಪೆಡಲ್ ತಿರುಗಿಸೋವಾಗ ಕಾಲು ಚಕ್ರಕ್ಕೆ ತಗಲ್ಬೋದು. ಎಷ್ಟೇ ರಶ್ ಇದ್ರೂ ಇದನ್ನ ಕಂಡ್ರೆ ದುಡ್ಡು ಕೇಳ್ದೆ ಅಲ್ಲೇ ಸರಿ ಮಾಡಿ ಕಳಿಸಿ ಅಂತ ಹುಡುಗ್ರಿಗೆ ಹೇಳಿದೀನಿ.

ಇದೇ ಬಾಯಲ್ಲಿ ಇನ್ನೊಂದು. ದಪ್ಪ ಟೈರು ಇದ್ದ ಮಾತ್ರಕ್ಕೆ ಎಲ್ಲಾ ಎಂಟಿಬಿ ಕಾಡಿಗೆ ಹೋಗಲ್ಲ. ಕಡಿಮೆ ರೇಟಿನ ಎಷ್ಟೋ ಬೈಕಲ್ಲಿ ಫ್ರೇಮ್ ಮೇಲೇನೇ ಆಫ್‌ರೋಡಿಗೆ, ಜಂಪಿಗೆ ಬಳಸ್ಬೇಡಿ ಅಂತ ಸಣ್ಣ ಸ್ಟಿಕ್ಕರ್ ಇರುತ್ತೆ, ಯಾರೂ ಓದಲ್ಲ. ಆಫೀಸಿಗೆ ಹೋಗಿ ಬರೋಕೆ ಅಂತ ಕೇಳೋರಿಗೆ ನಾನು ಸಸ್ಪೆನ್ಷನ್ ಇಲ್ದಿರೋ ಬೈಕೇ ತೋರ್ಸೋದು, ಆ ಭಾರದ ಸ್ಪ್ರಿಂಗ್ ಫೋರ್ಕ್ ಹೊತ್ಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಏನ್ ಮಾಡ್ತಾರೆ. ಸೇಲ್ಸಿನೋರು ನನ್ನ ಕಡೆ ಗುರಾಯಿಸ್ತಾರೆ, ಗುರಾಯಿಸ್ಲಿ.

ನಮ್ಮ ರಾಜ್ಯದಲ್ಲಿ ಈ ಆಟ ನಿಜವಾಗ್ಲೂ ಆಡೋರಿದ್ದಾರೆ. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಹುಡುಗ್ರು ಬಗ್ಗೆ ಹೇಳೋದೇ ಬೇಡ, 2022ರಲ್ಲಿ ನ್ಯಾಷನಲ್ ಎಂಟಿಬಿ ಚಾಂಪಿಯನ್‌ಶಿಪ್ಪೇ ಗದಗದಲ್ಲಿ ನಡೀತು. ರೇಸ್ ಆಡೋರ ಬೈಕ್ ನೋಡೋದು ನನಗೆ ಖುಷಿ, ಯಾಕಂದ್ರೆ ಅವರಿಗೆ ಏನೂ ಕೆದಕಿ ಕೇಳ್ಬೇಕಿಲ್ಲ. "ಹಿಂದೆ ಎರಡು ಪಿಎಸ್ಐ ಕಮ್ಮಿ ಮಾಡಿ, ಐದನೇ ಗೇರಿಂದ ನಾಲ್ಕಕ್ಕೆ ತಡ ಆಗ್ತಿದೆ" ಅಷ್ಟೇ. ಕ್ರಾಸ್ ಕಂಟ್ರಿ ರೇಸಲ್ಲಿ ರಿಪೇರಿಗೆ ಅಂತ ಗುರುತಿಸಿರೋ ಟೆಕ್ ಝೋನ್ ಬಿಟ್ಟು ಬೇರೆಲ್ಲೂ ಮೆಕ್ಯಾನಿಕ್ ಕೈ ಹಾಕೋ ಹಂಗಿಲ್ಲ, ಮಧ್ಯದಲ್ಲಿ ಕೆಟ್ರೆ ತಾನೇ ರಿಪೇರಿ ಮಾಡ್ಕೋಬೇಕು, ಇಲ್ಲಾ ಹೊತ್ಕೊಂಡು ಓಡ್ಬೇಕು. ಹಂಗಾಗಿ ಅವರಿಗೆ ತಮ್ಮ ಬೈಕಿನ ಒಂದೊಂದು ಸದ್ದೂ ಗೊತ್ತು.

ನಮ್ಮ ಜಾಬ್ ಕಾರ್ಡಲ್ಲಿ ಈಗ ಕಂಪ್ಲೇಂಟಿನ ಮೇಲ್ಗಡೆ ಒಂದು ಖಾಲಿ ಜಾಗ ಬಿಡ್ಸಿದೀನಿ, ಎಲ್ಲಿ ಓಡ್ಸಿದ್ದು, ಹೆಂಗ್ ತೊಳದಿದ್ದು, ಯಾರ್ ಬಿಚ್ಚಿದ್ದು ಬರ್ಯೋಕೆ. ಟೈಮ್ ವೇಸ್ಟ್ ಅಂತ ಮಾಲೀಕ್ರು ಮೊದಮೊದ್ಲು ಗೊಣಗಿದ್ರು. ಕೌಂಟರಲ್ಲಿ ನಿಂತು ಜಗಳ ಆಡೋರು ಕಮ್ಮಿ ಆದ್ಮೇಲೆ ಸುಮ್ನಾದ್ರು.

ಹಾಂ, ಬಿಟ್ಟೇ ಹೋಗ್ತಿತ್ತು, ಡಿರೇಲರ್ ಹ್ಯಾಂಗರ್. ಹಿಂದಿನ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಭಾಗ) ಫ್ರೇಮಿಗೆ ಕೂರೋ ಸಣ್ಣ ಅಲ್ಯೂಮಿನಿಯಂ ತುಂಡು, ಬಿದ್ದಾಗ ಫ್ರೇಮ್ ಉಳೀಲಿ ಅಂತ ತಾನು ಬಗ್ಗೋದೇ ಅದರ ಕೆಲಸ. ಗೇರ್ ಸರಿಯಾಗಿ ಬೀಳ್ತಿಲ್ಲ ಅಂತ ಬರೋ ಬೈಕಿಗೆ ಕೇಬಲ್ ಮುಟ್ಟೋಕ್ ಮುಂಚೆ ಬಲಗಡೆಗೆ ಬಿದ್ದಿದ್ರಾ ಅಂತ ಕೇಳಿ, ಹೌದು ಅಂದ್ರೆ ಹ್ಯಾಂಗರಿಗೆ ಗೇಜ್ ಹಾಕಿ. ಎಷ್ಟೋ ಫ್ರೇಮಿಗೆ ಒಂದೊಂದು ಶೇಪು, ಒಂದರದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಆಗಲ್ಲ, ಬೇಕಾದಾಗ ಸಿಗೋದೂ ಇಲ್ಲ. ಮಳೆಗಾಲದಲ್ಲಿ ಸಕಲೇಶಪುರ, ಚಿಕ್ಕಮಗಳೂರು ಅಂತ ಹೊರಡೋರು ನಿಮ್ಮ ಮಾಡೆಲ್ಲಿಂದು ಈಗ್ಲೇ ಒಂದು ತರಿಸಿ ಬ್ಯಾಗಲ್ಲಿ ಹಾಕ್ಕೊಳ್ಳಿ, ಮುರಿದ್ಮೇಲೆ ಆರ್ಡರ್ ಮಾಡಿ ನನಗೆ ದಿನಾ ಫೋನ್ ಮಾಡ್ಬೇಡಿ.