ಮನೆಯವರ ಆಟದ ಡಾಕ್ಯುಮೆಂಟರಿಗೆ ಸೆಟ್ಟಿಂಗ್ ಏನಿಡಬೇಕು?

"ತಾತ ಗರಡಿಯಲ್ಲಿ ಪೈಲ್ವಾನ್ ಆಗಿದ್ದರು, ಈಗ ಮಗಳು ಕಬಡ್ಡಿ ಆಡುತ್ತಾಳೆ. ಮನೆಯವರ ಆಟದ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡಬೇಕು. ಕ್ಯಾಮ್‌ಕಾರ್ಡರ್‌ನಲ್ಲಿ ಸೆಟ್ಟಿಂಗ್ ಏನಿಡಲಿ ಸಾರ್?" ಮೈಸೂರು, ಮಂಡ್ಯ ಕಡೆಯವರು ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇದನ್ನೇ.

1080, 50ಪಿ ಇಡಿ, ಅಂದರೆ ಚಿತ್ರಕ್ಕೆ 1080 ಗೆರೆ, ಸೆಕೆಂಡಿಗೆ 50 ಪೂರ್ತಿ ಫ್ರೇಮ್. ಕೆಲಸ ಮುಗಿಯುವವರೆಗೂ ಅದನ್ನು ಮುಟ್ಟಬೇಡಿ. ಬೆಳಕು, ಬಣ್ಣ, ಫೋಕಸ್, ಧ್ವನಿ ಇವನ್ನು ಆಟೋಗೆ ಬಿಡದೆ ಕೈಯಲ್ಲೇ ಇಟ್ಟುಕೊಳ್ಳಿ. ಇಂಥ ಸಿನಿಮಾ ಒಂದೇ ದಿನಕ್ಕೆ ಆಗುವುದಲ್ಲ. ದಸರಾದಲ್ಲಿ ತೆಗೆದದ್ದೂ ಬೇಸಿಗೆಯಲ್ಲಿ ತೆಗೆದದ್ದೂ ಪಕ್ಕಪಕ್ಕ ಕೂರಬೇಕು, ಅಲ್ವಾ?

50 ಯಾಕೆ ಅಂದರೆ, ನಮ್ಮ ಕರೆಂಟು 50 ಹರ್ಟ್ಜ್. ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮ್ ಬೆಳಕು ಹಿಡಿಯುವ ಹೊತ್ತು, 1/50 ಅಥವಾ 1/100 ಸೆಕೆಂಡು ಇದ್ದರೆ ಚಿತ್ರ ಅದುರುವುದಿಲ್ಲ. ಅಮೆರಿಕದಲ್ಲಿರುವ ಭಾವ ತಂದುಕೊಟ್ಟ ಕ್ಯಾಮೆರಾ ಆದರೆ ಅದರಲ್ಲಿ 60 ಇರುತ್ತದೆ. ಮೆನುವಿನಲ್ಲಿ ಎನ್‌ಟಿಎಸ್‌ಸಿ (ಅಮೆರಿಕದ 60ರ ಪದ್ಧತಿ) ಇಂದ ಪಾಲ್‌ಗೆ (ನಮ್ಮ 50ರ ಪದ್ಧತಿ) ಬದಲಾಯಿಸಲು ಬರುತ್ತದಾ ನೋಡಿ. ಕೆಲವು ಕ್ಯಾಮೆರಾ ಹಾಗೆ ಬದಲಾಯಿಸಿದಾಗ ಕಾರ್ಡ್ ಫಾರ್ಮ್ಯಾಟ್ ಮಾಡಿಸುತ್ತವೆ, ಮೊದಲೇ ಕಾಪಿ ಮಾಡಿಕೊಳ್ಳಿ. ಬದಲಾಯಿಸಲು ಬರದಿದ್ದರೆ 60ರಲ್ಲೇ ತೆಗೆಯಿರಿ, ದೀಪದ ಬೆಳಕಿನಲ್ಲಿ ಮಾತ್ರ ಶಟರ್ 1/100 ಇರಲಿ.

ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ. ಮನೆಯ ಬೀರುವಿನಲ್ಲಿ ಅಪ್ಪನ ಕಾಲದ ಮಿನಿ ಡಿವಿ ಕ್ಯಾಸೆಟ್ ಇದ್ದೇ ಇರುತ್ತದೆ. ಇಲ್ಲಿ ಕೊಂಡ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಅದು ಪಾಲ್: 576 ಗೆರೆ, ಸೆಕೆಂಡಿಗೆ 25 ಫ್ರೇಮ್. ನೀವು 50ರಲ್ಲಿ ತೆಗೆದು 25ರಲ್ಲಿ ಎಡಿಟ್ ಮಾಡಿದರೆ ಹಳೆಯದು ಹೊಸದು ಎರಡೂ ಜರ್ಕ್ ಇಲ್ಲದೆ ಸೇರುತ್ತವೆ. ಹಳೇ ಚಿತ್ರ ಅಗಲ ಕಡಿಮೆ ಇರುತ್ತದೆ ಅಂತ ಎಳೆದು ಹಿಗ್ಗಿಸಬೇಡಿ, ದಯವಿಟ್ಟು. ತಾತನ ಮುಖ ಅವರ ಮುಖವಾಗಿಯೇ ಇರಲಿ.

50ರಲ್ಲಿ ತೆಗೆದರೆ ಅರ್ಧ ವೇಗದ ಸ್ಲೋ ಮೋಷನ್ ಕೂಡ ಸಿಗುತ್ತದೆ. ಕಬಡ್ಡಿಯಲ್ಲಿ ಒಂದು ರೈಡ್ ಹೆಚ್ಚೆಂದರೆ 30 ಸೆಕೆಂಡು, ಬೆರಳು ತಾಗುವುದು ಅದರಲ್ಲಿ ಒಂದು ಕ್ಷಣ. ಅದು ಕಾಣಬೇಕು. 4ಕೆ ಬೇಡವಾ ಅಂತ ಕೇಳುತ್ತಾರೆ. ಮನೆಬಳಕೆಯ ಕ್ಯಾಮ್‌ಕಾರ್ಡರ್‌ಗಳಲ್ಲಿ ಎಷ್ಟೋ 4ಕೆಯಲ್ಲಿ 25 ಮಾತ್ರ ಕೊಡುತ್ತವೆ. ಕೂತು ಮಾತಾಡುವವರಿಗೆ ಅದು ಸಾಕು, ಓಡುವವರಿಗೆ ಸಾಲದು. 50ಐ ಬೇಡವೇ ಬೇಡ, ಅದು ಒಂದು ಸಲಕ್ಕೆ ಅರ್ಧ ಗೆರೆಗಳನ್ನಷ್ಟೇ ಹಿಡಿಯುತ್ತದೆ, ಓಡುವ ಕಾಲಿನ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳುತ್ತದೆ.

ಬಿಸಿಲಿನಲ್ಲಿ ಆಟಕ್ಕೆ ಶಟರ್ 1/250ರಿಂದ 1/500. ಹೊನಲು ಬೆಳಕಿನ ಪಂದ್ಯಕ್ಕೆ 1/100. ಎಲ್ಇಡಿ ದೀಪ ಒಂದೊಂದು ಒಂದೊಂದು ಥರ, ಆಟ ಶುರುವಾಗುವ ಮೊದಲೇ ಒಂದು ತುಣುಕು ತೆಗೆದು ನೋಡಿಬಿಡಿ.

ಇನ್ನು ಬಣ್ಣ. ಗರಡಿಯಲ್ಲಿ ಚಿತ್ರ ಕೆಡುವುದು ಇಲ್ಲೇ ಜಾಸ್ತಿ. ಮಟ್ಟಿಯ ಕೆಮ್ಮಣ್ಣು ನೆಲದಲ್ಲಿ, ಪೈಲ್ವಾನರ ಮೈಮೇಲೆಲ್ಲ. ಫ್ರೇಮ್ ತುಂಬ ಕೆಂಪೇ ಇದ್ದರೆ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವುದು) ಬೆಳಕೇ ಕೆಂಪು ಅಂದುಕೊಂಡು ನೀಲಿ ಸೇರಿಸುತ್ತದೆ. ಮಣ್ಣು ಮಂಕಾಗುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ಝೂಮ್ ಹಿಂದಕ್ಕೆ ತಂದರೆ ಬಣ್ಣ ವಾಪಸ್ ಬರುತ್ತದೆ. ಒಂದೇ ಪಟ್ಟಿನ ನಡುವೆ ಹೀಗಾದರೆ ಎಡಿಟಿಂಗ್‌ನಲ್ಲಿ ಸರಿಮಾಡುವುದು ಬಹಳ ಕಷ್ಟ. ಆ ಮಣ್ಣಿನ ಬಣ್ಣ ಇಲ್ಲದಿದ್ದರೆ ಅದು ಮೈಸೂರಿನ ಕುಸ್ತಿಯೇ ಅನ್ನಿಸುವುದಿಲ್ಲ ನನಗೆ. ಹಾಗಾಗಿ ಕುಸ್ತಿ ನಡೆಯುವ ಬೆಳಕಿನಲ್ಲೇ ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ದೇವರಾಜ ಅರಸು ಕ್ರೀಡಾಂಗಣದ ದಸರಾ ಕುಸ್ತಿಯಲ್ಲಿ ಬಿಸಿಲು ಇಳಿದು ದೀಪ ಹತ್ತಿದರೆ ಮತ್ತೆ ಮಾಡಿ.

ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಅನ್ನುವುದು, ಅದೂ ಕೈಯಲ್ಲೇ. ಸುತ್ತ ಬಿಳಿ ಪಂಚೆ ಉಟ್ಟ ಹಿರಿಯರು ಬಿಸಿಲಿನಲ್ಲಿ ಕೂತಿದ್ದರೆ ಆಟೋ ಇಡೀ ಚಿತ್ರವನ್ನೇ ಕತ್ತಲು ಮಾಡುತ್ತದೆ. ಪಂಚೆ ಸ್ವಲ್ಪ ಬೆಳ್ಳಗೆ ಉರಿದುಹೋದರೂ ಪರವಾಗಿಲ್ಲ, ಮುಖ ಕಾಣಲಿ. ಗೇನ್ ಅಂದರೆ ಕ್ಯಾಮೆರಾ ಚಿತ್ರವನ್ನು ತಾನೇ ಬೆಳ್ಳಗೆ ಮಾಡುವುದು, ರಾತ್ರಿ ಅದು 12 ಡಿಬಿ (ಡೆಸಿಬೆಲ್) ದಾಟದ ಹಾಗೆ ಮಿತಿ ಇಡಿ. ಝೂಮ್ ಮಾಡಿದಷ್ಟೂ ಲೆನ್ಸ್‌ಗೆ ಬರುವ ಬೆಳಕು ಕಡಿಮೆಯಾಗಿ ಚಿತ್ರ ಕಾಳುಕಾಳಾಗುತ್ತದೆ. ಅಂಕಣದ ಹತ್ತಿರ ಹೋಗಿ ನಿಲ್ಲುವುದೇ ಮೇಲು. ಡಿಜಿಟಲ್ ಝೂಮ್ ಆಫ್. ಫೋಕಸ್ ಮಧ್ಯಗೆರೆಗೆ ಹಾಕಿ ಬಿಡಿ, ಇಲ್ಲದಿದ್ದರೆ ಮುಂದೆ ಯಾರೋ ಕೈ ಎತ್ತಿದಾಗ ಕ್ಯಾಮೆರಾ ಆ ಕೈಯನ್ನೇ ನೋಡುತ್ತದೆ.

ಧ್ವನಿಯನ್ನು ಯಾರೂ ಕೇಳುವುದೇ ಇಲ್ಲ, ನನಗೆ ಅದೇ ಬೇಜಾರು. ಮನೆಯವರ ಸಿನಿಮಾದಲ್ಲಿ ಮಾತೇ ಜೀವ. ಆಟೋ ಲೆವೆಲ್ ಇದ್ದರೆ ತಮಟೆ ಹೊಡೆದಾಗ ಎಲ್ಲವನ್ನೂ ಅದುಮುತ್ತದೆ, ನಿಂತ ಮೇಲೆ ಗದ್ದಲವನ್ನು ಮೇಲೆತ್ತುತ್ತದೆ. ಪಕ್ಕದಲ್ಲಿ ಅಮ್ಮ "ಬಿಡಬೇಡ ಮಗಾ, ಹಿಡ್ಕೋ!" ಅಂದದ್ದು ನಡುವೆ ಕಳೆದುಹೋಗುತ್ತದೆ. ಮ್ಯಾನ್ಯುಯಲ್ ಇಟ್ಟು, ಜೋರು ಸದ್ದು ಧ್ವನಿ ಮೀಟರಿನಲ್ಲಿ ಮೈನಸ್ 12 ಡಿಬಿಯ ಹತ್ತಿರ ನಿಲ್ಲುವಂತೆ ಮಾಡಿ. ತಾತನ ಮಾತಿಗೆ ಕಾಲರ್ ಮೈಕು ಹಾಕಿ, ಫ್ಯಾನ್ ಆಫ್ ಮಾಡಿ. ಅವರು ಹೇಳುವ ಪಟ್ಟಿನ ಹೆಸರುಗಳು ಅವರ ಬಾಯಿಂದಲೇ ಸ್ಪಷ್ಟವಾಗಿ ಕೇಳಬೇಕು.

ಕಾರ್ಡ್ ವಿಷಯ: ಎವಿಸಿಎಚ್‌ಡಿಯಲ್ಲಿ (ಕ್ಯಾಮ್‌ಕಾರ್ಡರ್‌ಗಳ ಒಂದು ರೆಕಾರ್ಡಿಂಗ್ ಫಾರ್ಮ್ಯಾಟ್) 50ಪಿ ಸೆಕೆಂಡಿಗೆ 28 ಮೆಗಾಬಿಟ್, ಅಂದರೆ ಗಂಟೆಗೆ ಸುಮಾರು 12ರಿಂದ 13 ಜಿಬಿ. 64 ಜಿಬಿ ಕಾರ್ಡಿನಲ್ಲಿ ನಾಲ್ಕೂವರೆ ಗಂಟೆ ಆರಾಮಾಗಿ ಹಿಡಿಯುತ್ತದೆ. ಪಂದ್ಯದ ರಾತ್ರಿಯೇ ಎರಡು ಡ್ರೈವ್‌ಗೆ ಕಾಪಿ ಮಾಡಿ, ಎರಡರಲ್ಲೂ ಓಡಿಸಿ ನೋಡಿ. ಆಮೇಲೆ ಕಾರ್ಡ್ ಖಾಲಿ ಮಾಡಿ.